ಮೂರು ಕಾಗದ, ಮೂರು ಕತೆ

ಡಿಪ್ರೆಷನ್‌ನಿಂದ ಕೆಲಸ ಬಿಟ್ಟು ಎರಡು ವರ್ಷ ಬೀದರಿನ ಮನೆಯಲ್ಲಿದ್ದೆ, ಈಗ ಅಮೆರಿಕದ ಎಂಎಸ್‌ಗೂ ಇಲ್ಲಿನ ಪಿಎಚ್‌ಡಿಗೂ ಅರ್ಜಿ ಹಾಕುತ್ತಿದ್ದೇನೆ, ಎಸ್‌ಒಪಿಯಲ್ಲಿ (ಯಾಕೆ ಓದಬೇಕು ಅಂತ ಅರ್ಜಿ ಜೊತೆ ಬರೆದುಕೊಡುವ ಲೇಖನ) ಈ ಕಾಯಿಲೆಯನ್ನು ಹೇಗೆ ವಿವರಿಸಲಿ ಅಂತ ಕೇಳಿದ್ದೀರಿ. ವಿವರಿಸಬೇಡಿ. ಯಾಕೆ ಅಂತ ಹೇಳೋಕೆ ನನ್ನ ಕತೆಯೇ ಬೇಕು. ಸ್ವಲ್ಪ ಉದ್ದ ಇದೆ.

ನಾನು ಕಲಬುರಗಿ ಜಿಲ್ಲೆಯ ಸೇಡಂನವಳು. ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಹೈದರಾಬಾದಿನ ಒಂದು ಔಷಧ ಕಂಪನಿಯ ಕ್ವಾಲಿಟಿ ಕಂಟ್ರೋಲ್ ಲ್ಯಾಬ್ ಸೇರಿದ್ದೆ. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಸೇಡಂನಲ್ಲಿ ರೈಲು ಹತ್ತಿದರೆ ತಾಂಡೂರು, ವಿಕಾರಾಬಾದ್, ಆಮೇಲೆ ಹೈದರಾಬಾದೇ. ಲ್ಯಾಬಿನಲ್ಲಿ ಶಿಫ್ಟ್ ಪದ್ಧತಿ ಇತ್ತು. ರಾತ್ರಿಪಾಳಿ ಮುಗಿಸಿ ಬಂದರೂ ನಿದ್ದೆ ಬರುತ್ತಿರಲಿಲ್ಲ. ನಿದ್ದೆ ಇಲ್ಲದಿದ್ದರೂ ಸುಸ್ತಾಗುತ್ತಿರಲಿಲ್ಲ, ಅದೇ ವಿಚಿತ್ರ. ಹಾಸ್ಟೆಲ್ ರೂಮಿನಲ್ಲಿ ಕೂತು, ಲ್ಯಾಬ್ ಹೇಗೆ ನಡೆಸಬೇಕು ಅಂತ ಮ್ಯಾನೇಜರಿಗೆ ಪುಟಗಟ್ಟಲೆ ಮೇಲ್ ಬರೆಯುತ್ತಿದ್ದೆ. ನನ್ನಷ್ಟು ಜಾಣೆ ಆ ಕಟ್ಟಡದಲ್ಲೇ ಇಲ್ಲ ಅಂತ ನನ್ನ ನಂಬಿಕೆ. ಕೆಲವು ವಾರ ಹೀಗೆ ಹೋಯಿತು. ಆಮೇಲೆ ಎಲ್ಲ ಉಲ್ಟಾ. ಹಾಸಿಗೆಯಿಂದ ಏಳೋಕೂ ಆಗಲಿಲ್ಲ. ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದರು.

ಮೊದಲು ಗಾಣಗಾಪುರದ ದತ್ತನ ಗುಡಿ, ಆಮೇಲೆ ಕಲಬುರಗಿಯ ಡಾಕ್ಟರು. ನಮ್ಮ ಜಿಲ್ಲೆಯಲ್ಲಿ ಈ ಕಾಯಿಲೆ ಬಂದ ಎಷ್ಟೋ ಮನೆಯವರು ಹಿಡಿಯುವ ದಾರಿ ಇದೇ. ಮೊದಲು ಗುಡಿಗೆ ಕರೆದುಕೊಂಡು ಹೋದ ಅವ್ವನ ಮೇಲೆ ನನಗೇನೂ ಸಿಟ್ಟಿಲ್ಲ. ಡಾಕ್ಟರು ಬೈಪೋಲಾರ್ ಅಂದರು, ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಪೂರ್ತಿ ಕುಸಿಯುವ ಕಾಯಿಲೆ. ನಿದ್ದೆಗೆಟ್ಟರೆ ಇದು ಕೆರಳುತ್ತದೆ, ರಾತ್ರಿಪಾಳಿ ಬಿಟ್ಟುಬಿಡಿ ಅಂದರು. ಲಿಥಿಯಂ ಮಾತ್ರೆ ಶುರುವಾಯಿತು. ಪೀರಿಯಾಡಿಕ್ ಟೇಬಲ್‌ನಲ್ಲಿ ಮೂರನೇ ನಂಬರು. ಅಷ್ಟು ವರ್ಷ ಬಾಯಿಪಾಠ ಮಾಡಿದ್ದನ್ನು ಈಗ ದಿನಾ ನುಂಗಬೇಕು. ಲಿಥಿಯಂ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ. ಆಗಾಗ ರಕ್ತ ಪರೀಕ್ಷೆ ಬೇರೆ ಮಾಡಿಸಬೇಕು. ಈ ವಿಷಯ ಮುಂದೆ ಮತ್ತೆ ಬರುತ್ತದೆ.

ಎರಡು ವರ್ಷದ ಹತ್ತಿರ ಮನೆಯಲ್ಲೇ ಇದ್ದೆ. ನಮ್ಮೂರಲ್ಲಿ ಗ್ಯಾಪ್‌ಗೆ ಮೊದಲೇ ಹೆಸರಿಟ್ಟಿರುತ್ತಾರೆ, ಅಲ್ವಾ? ಹುಡುಗನಾದರೆ ಕೆಎಎಸ್ ತಯಾರಿ. ಹುಡುಗಿಯಾದರೆ ಮದುವೆ, ಇಲ್ಲಾ ಮುರಿದ ಮದುವೆ. ಓಣಿಯವರು ನನಗೆ ಎರಡನೆಯದನ್ನೇ ಕೊಟ್ಟಿದ್ದರು. ನಿಮ್ಮ ಮನೆಯವರೂ "ಕೆಎಎಸ್‌ಗೆ ಓದ್ತಿದ್ದೆ ಅಂತ ಬರೀ" ಅನ್ನುತ್ತಾರೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆಯೇ ನಾನು ಉತ್ತರ ಬರೆಯೋಕೆ ಕೂತಿದ್ದು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅಮೆರಿಕದ ಪಿಎಚ್‌ಡಿಗಳಿಗೆ ಅರ್ಜಿ ಹಾಕಿದೆ. ಕಾಕಾನ ಮಗ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. "ಅಕ್ಕಾ, ಎರಡು ವರ್ಷ ಖಾಲಿ ಕಂಡ್ರ ಯಾರೂ ಮುಟ್ಟಂಗಿಲ್ಲ. ನಮ್ಮ ಕಾಲೇಜಿಂದು ಒಂದು ಸರ್ಟಿಫಿಕೇಟ್ ಮಾಡಿಸಿ ಕೊಡ್ತೀನಿ ತಗೋ" ಅಂದ. ತಂದೂ ಕೊಟ್ಟ. ಲೆಟರ್‌ಹೆಡ್, ಸೀಲು, ಸಹಿ ಎಲ್ಲ ಇತ್ತು. ನಾನು ಆ ಕಾಲೇಜಿನ ಗೇಟು ಸಹ ನೋಡಿರಲಿಲ್ಲ. ಸಿವಿಯಲ್ಲಿ ಹಾಕಿದೆ: ಉಪನ್ಯಾಸಕಿ, ಕೆಮಿಸ್ಟ್ರಿ, ಎರಡು ವರ್ಷ.

ಎಸ್‌ಒಪಿ ಬರೆಯುವಾಗ ಇನ್ನೊಂದು ಯೋಚನೆ ಬಂತು. ಹೈದರಾಬಾದಿನ ಒಳ್ಳೆ ಕೆಲಸ ಬಿಟ್ಟು ಸೇಡಂನ ಪಿಯು ಕಾಲೇಜಿಗೆ ಯಾಕೆ ಬಂದಳು ಅಂತ ಕೇಳುತ್ತಾರಲ್ಲ? ಅದಕ್ಕೊಂದು ಕಾರಣ ಬೇಕು. ತಂದೆಗೆ ಆರೋಗ್ಯ ಸರಿ ಇರಲಿಲ್ಲ, ನೋಡಿಕೊಳ್ಳಲು ಬಂದೆ ಅಂತ ಬರೆದೆ. ಅಪ್ಪನಿಗೆ ಬಿಪಿ ಬಿಟ್ಟರೆ ಏನೂ ಇರಲಿಲ್ಲ. ನನ್ನನ್ನು ಎರಡು ವರ್ಷ ನೋಡಿಕೊಂಡವರನ್ನೇ ರೋಗಿ ಮಾಡಿದೆ.

ಮೂರನೇ ಕಾಗದ ನನ್ನ ಎಂಎಸ್ಸಿ ಸರ್ ಬರೆದ ರೆಕಮೆಂಡೇಶನ್ ಲೆಟರ್. ಸರ್‌ಗೆ ನನ್ನ ವಿಷಯ ಎಲ್ಲ ಗೊತ್ತಿತ್ತು. ಮನೆಗೆ ಬಂದು ಮಾತಾಡಿಸಿದ್ದರು. ಅವರು ಬಹಳ ಪ್ರೀತಿಯಿಂದ ಬರೆದರು: ಈ ಹುಡುಗಿ ಮನಸ್ಸಿನ ಗಂಭೀರ ಕಾಯಿಲೆಯಿಂದ ಎದ್ದು ಬಂದಿದ್ದಾಳೆ, ಎರಡು ವರ್ಷ ಕಳೆದುಕೊಂಡರೂ ಓದು ಬಿಟ್ಟಿಲ್ಲ. ಅರ್ಜಿ ತುಂಬುವಾಗ ಒಂದು ಡಬ್ಬಿಗೆ ಟಿಕ್ ಹಾಕಬೇಕು, ಗಮನಿಸಿರಬಹುದು. ಅಮೆರಿಕದಲ್ಲಿ 1974ರ ಒಂದು ಕಾನೂನಿದೆ, ಫರ್ಪಾ ಅಂತ. ವಿದ್ಯಾರ್ಥಿ ತನ್ನ ದಾಖಲೆ ನೋಡಬಹುದು ಅನ್ನುತ್ತದೆ. ಪತ್ರದ ಮಟ್ಟಿಗೆ ಆ ಹಕ್ಕು ಬಿಟ್ಟುಕೊಟ್ಟರೆ ಪತ್ರಕ್ಕೆ ಬೆಲೆ ಜಾಸ್ತಿ ಅಂತ ಎಲ್ಲರೂ ಬಿಟ್ಟುಕೊಡುತ್ತಾರೆ. ನಾನೂ ಬಿಟ್ಟುಕೊಟ್ಟೆ. ಹಾಗಾಗಿ ಸರ್ ಏನು ಬರೆದರು ಅಂತ ಆಗ ನನಗೆ ಗೊತ್ತೇ ಇರಲಿಲ್ಲ. ನಾನು ಏನು ಬರೆದೆ ಅಂತ ಅವರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯ ಅವರಿಗಿರಲಿಲ್ಲ ಅಂತಲ್ಲ, ಹೇಳುವ ಮುಖ ನನಗಿರಲಿಲ್ಲ.

ಒಂದು ಕಡೆಯಿಂದ ವಿಡಿಯೋ ಇಂಟರ್ವ್ಯೂ ಬಂತು. ಪ್ರೊಫೆಸರ್ ಒಳ್ಳೆಯ ಹೆಂಗಸು. ಮೊದಲು ಕೆಮಿಸ್ಟ್ರಿ ಕೇಳಿದರು, ಚೆನ್ನಾಗಿಯೇ ಹೇಳಿದೆ. ಕೊನೆಗೆ ಮೆಲ್ಲಗೆ ಕೇಳಿದರು: ಸಿವಿಯಲ್ಲಿ ಪಾಠ ಮಾಡಿದ್ದೆ ಅಂತಿದೆ, ಎಸ್‌ಒಪಿಯಲ್ಲಿ ತಂದೆಯ ಆರೈಕೆ ಅಂತಿದೆ, ನಿಮ್ಮ ಸರ್ ನಿಮ್ಮ ಕಾಯಿಲೆ ಬಗ್ಗೆ ಬರೆದಿದ್ದಾರೆ, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಆಗಲಾದರೂ ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ನಾನು ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿದೆ. ರಾತ್ರಿಪಾಳಿ, ಮ್ಯಾನೇಜರಿಗೆ ಬರೆದ ಮೇಲ್‌ಗಳು, ಗಾಣಗಾಪುರ, ಮಾತ್ರೆ ಎಷ್ಟು ಮಿಲಿಗ್ರಾಂ, ಕೈ ನಡುಗುವುದು ಹೇಗೆ, ಸರ್ಟಿಫಿಕೇಟ್ ಎಲ್ಲಿಂದ ಬಂತು. ಅವರು ತಲೆ ಆಡಿಸುತ್ತಾ ಕೇಳಿದರು. ಥ್ಯಾಂಕ್ಸ್ ಅಂದರು. ಆಮೇಲೆ ರಿಜೆಕ್ಟ್ ಮೇಲ್ ಬಂತು.

ಬಹಳ ದಿನ ನಾನು ಇದನ್ನು ತಪ್ಪಾಗಿಯೇ ಅರ್ಥ ಮಾಡಿಕೊಂಡಿದ್ದೆ. ಕಾಯಿಲೆ ಕೇಳಿ ಕೈಬಿಟ್ಟರು ಅಂತ. ಕಾಯಿಲೆಯೂ ಕಾರಣ ಇದ್ದಿರಬಹುದು, ಯಾರಿಗೆ ಗೊತ್ತು. ಆದರೆ ಅವರ ಜಾಗದಲ್ಲಿ ಕೂತು ನೋಡಿ. ತೊಗರಿಬೇಳೆ ಸಾರಿನಲ್ಲಿ ಒಂದು ಕಲ್ಲು ಹಲ್ಲಿಗೆ ಸಿಕ್ಕರೆ, ಆಮೇಲೆ ಪ್ರತಿ ತುತ್ತನ್ನೂ ಅನುಮಾನದಿಂದಲೇ ಅಗಿಯುತ್ತೇವೆ. ನನ್ನ ಮಾರ್ಕ್ಸ್ ನಿಜ, ಡಿಸರ್ಟೇಶನ್ ನಿಜ. ಸಿವಿಯ ಒಂದು ಸಾಲು ಸುಳ್ಳು ಅಂತ ಗೊತ್ತಾದ ಮೇಲೆ ಉಳಿದದ್ದನ್ನು ಅವರು ಯಾಕೆ ನಂಬಬೇಕು? ಸಂಶೋಧನೆಗೆ ಬರುವವಳು ನಾಳೆ ಲ್ಯಾಬ್ ರೀಡಿಂಗನ್ನೂ ಹೀಗೇ "ಮಾಡಿಸಿ" ತಂದರೆ? ನಾನೇ ಕ್ವಾಲಿಟಿ ಕಂಟ್ರೋಲ್‌ನಲ್ಲಿದ್ದವಳು. ಅಲ್ಲಿ ರೀಡಿಂಗ್ ಒಂದು ಕಡೆ, ರಿಜಿಸ್ಟರ್ ಇನ್ನೊಂದು ಕಡೆ ಇದ್ದರೆ ಇಡೀ ಬ್ಯಾಚ್ ನಿಲ್ಲುತ್ತಿತ್ತು. ಎಷ್ಟೋ ಸಲ ನಾನೇ ನಿಲ್ಲಿಸಿದ್ದೆ. ನನ್ನ ಅರ್ಜಿಗೆ ಬಂದಾಗ ಮಾತ್ರ ಮೂರು ಕಾಗದವನ್ನು ಪಕ್ಕಪಕ್ಕ ಇಟ್ಟು ಓದಲಿಲ್ಲ. ಓದಿದ್ದರೆ ಐದು ನಿಮಿಷದ ಕೆಲಸ.

ಇನ್ನು ನಿಮ್ಮ ಗೆಳೆಯರು "ಎಲ್ಲ ಧೈರ್ಯವಾಗಿ ಬರೆ, ಹೋರಾಡಿದವರನ್ನ ಅಲ್ಲಿ ಮೆಚ್ಚುತ್ತಾರೆ" ಅನ್ನುತ್ತಾರಂತೆ. ಅವರಿಗೆ ಒಳ್ಳೆಯ ಮನಸ್ಸಿದೆ, ಅಷ್ಟೇ. ಡ್ರೂ ಆಪಲ್‌ಬಿ ಮತ್ತು ಕ್ಯಾರೆನ್ ಆಪಲ್‌ಬಿ ಅನ್ನುವ ಇಬ್ಬರು ಅಮೆರಿಕದ ಸೈಕಾಲಜಿ ವಿಭಾಗಗಳ ಅಡ್ಮಿಷನ್ ಕಮಿಟಿ ಮುಖ್ಯಸ್ಥರನ್ನೇ ಕೇಳಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೆನ್ನಾಗಿದ್ದ ಅರ್ಜಿ ಯಾವುದರಿಂದ ಕೆಡುತ್ತದೆ ಅನ್ನುವುದು ಪ್ರಶ್ನೆ. ಅರ್ಜಿದಾರರು ತಮ್ಮದೇ ಮಾನಸಿಕ ಕಾಯಿಲೆಯ ಕತೆ ಬರೆಯುವುದು ಅದರಲ್ಲಿ ಸ್ಪಷ್ಟವಾಗಿ ಬಂತು. ಸೈಕಾಲಜಿಯವರೇ ಹೀಗಂದರೆ ಕೆಮಿಸ್ಟ್ರಿ, ಇಂಜಿನಿಯರಿಂಗ್‌ನವರು ಏನಂದಾರು? ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ. ನ್ಯಾಯಕ್ಕಾಗಿ ಹೋರಾಡೋಕೆ ಎಸ್‌ಒಪಿ ಜಾಗ ಅಲ್ಲ, ಸೀಟು ಸಿಕ್ಕ ಮೇಲೆ ಹೋರಾಡಿ.

ಮುಂದಿನ ಸಲ ಸರ್ಟಿಫಿಕೇಟ್ ಹರಿದು ಹಾಕಿದೆ. ಆ ಹೊತ್ತಿಗೆ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿತ್ತು. ಸಂಬಳ ಕಡಿಮೆ, ಹಗಲು ಕೆಲಸ ಮಾತ್ರ. ಅರ್ಜಿಯಲ್ಲಿ ಬರೆದಿದ್ದು ಇಷ್ಟೇ: "ಈ ತಿಂಗಳಿಂದ ಈ ತಿಂಗಳವರೆಗೆ ಆರೋಗ್ಯದ ಕಾರಣದಿಂದ ಕೆಲಸದಲ್ಲಿರಲಿಲ್ಲ. ಆ ತೊಂದರೆ ಈಗ ಹತೋಟಿಯಲ್ಲಿದೆ. ಅಂದಿನಿಂದ ಇಂಥ ಲ್ಯಾಬಿನಲ್ಲಿ ಇಂಥ ಕೆಲಸ ಮಾಡುತ್ತಿದ್ದೇನೆ." ಕಾಯಿಲೆಯ ಹೆಸರಿಲ್ಲ, ಮಾತ್ರೆಯ ಹೆಸರಿಲ್ಲ, ಕಣ್ಣೀರಿಲ್ಲ. ಮೂರನೇ ಸಾಲೇ ಅಸಲಿ. ನಿಮ್ಮ ಹತ್ತಿರ ಮೂರನೇ ಸಾಲಿಗೆ ಹಾಕೋಕೆ ಏನಿದೆ ಅಂತ ನೀವು ಬರೆದೇ ಇಲ್ಲ. ಏನೂ ಇಲ್ಲದಿದ್ದರೆ ಎಸ್‌ಒಪಿ ತಿದ್ದುವುದು ಬಿಟ್ಟು ಮೊದಲು ಅದನ್ನು ಹುಡುಕಿ. ಒಂದು ಆನ್‌ಲೈನ್ ಕೋರ್ಸ್ ಆದರೂ ಸರಿ, ಹಳೇ ಪ್ರೊಫೆಸರ ಕೈಕೆಳಗೆ ನಾಲ್ಕು ತಿಂಗಳ ಕೆಲಸವಾದರೂ ಸರಿ. ಕಮಿಟಿಯವರಿಗೆ ಎರಡು ವರ್ಷದ ಹಿಂದೆ ಏನಾಯಿತು ಅನ್ನುವುದಕ್ಕಿಂತ ಈಗ ಕೈಯಲ್ಲಿ ಆಗುತ್ತಾ ಅನ್ನುವುದು ಮುಖ್ಯ.

ನಾನು ಕೊನೆಗೆ ಸೇರಿದ್ದು ಇಲ್ಲೇ, ನಮ್ಮ ದೇಶದಲ್ಲೇ. ಇಂಟರ್ವ್ಯೂನಲ್ಲಿ ಒಬ್ಬರು "ಈ ಎರಡು ವರ್ಷ ಏನಮ್ಮಾ, ಮದುವೆಯಾಗಿತ್ತಾ?" ಅಂದರು. "ಇಲ್ಲ ಸರ್, ಹುಷಾರಿರಲಿಲ್ಲ. ಈಗ ಚೆನ್ನಾಗಿದ್ದೀನಿ. ನನ್ನ ಪ್ರಾಜೆಕ್ಟ್ ಕೆಲಸದ ಬಗ್ಗೆ ಹೇಳಲಾ?" ಅಂದೆ. ಹೇಳಿ ಅಂದರು. ಅಷ್ಟೇ, ಮುಗಿಯಿತು. ಈ ಮಾತನ್ನು ಕನ್ನಡಿ ಮುಂದೆ ಬಹಳ ಸಲ ಹೇಳಿ ರೂಢಿ ಮಾಡಿಕೊಂಡಿದ್ದೆ, ಅದು ಬೇರೆ ಮಾತು.

ನಿಮ್ಮ ಇನ್ನೊಂದು ಭಯ ಇಲ್ಲಿನ ಅಡ್ಮಿಷನ್ ಬಗ್ಗೆ. ಅದು ಜಾಸ್ತಿಯಾಯಿತು ಅನ್ನಿಸುತ್ತೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಎಂಎಸ್ಸಿಗೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಹೋಗುತ್ತಾರೆ, ಅಲ್ಲಿ ನಿಮ್ಮ ಕತೆ ಕೇಳುವವರೇ ಇಲ್ಲ. ಪಿಎಚ್‌ಡಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಪ್ರವೇಶ ಪರೀಕ್ಷೆಗೆ 70, ಇಂಟರ್ವ್ಯೂಗೆ 30 ಅಂತ ತೂಕ. ಪರೀಕ್ಷೆಗೆ ಓದಿ. ಕೆಲವು ಕಡೆ ಗ್ಯಾಪ್ ಅಫಿಡವಿಟ್ ಕೇಳುತ್ತಾರೆ, ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿ ಕೊಡುವುದು. ಒಂದು ಎಚ್ಚರಿಕೆ: ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಕೇಳದೆಯೇ "ಸ್ಪರ್ಧಾತ್ಮಕ ಪರೀಕ್ಷೆ ತಯಾರಿ" ಅಂತ ಹೊಡೆದು ಕೈಗೆ ಕೊಟ್ಟುಬಿಡುತ್ತಾರೆ. ನನಗೂ ಕೊಟ್ಟಿದ್ದರು. ಅದು ಪ್ರಮಾಣ ಮಾಡಿ ಸಹಿ ಹಾಕುವ ಕಾಗದ. "ಆರೋಗ್ಯ ಕಾರಣ" ಅಂತ ತಿದ್ದಿಸಿ, ಇನ್ನೊಂದು ಸಲ ದುಡ್ಡು ಕೊಟ್ಟಾದರೂ ಸರಿ.

ಕಾಯಿಲೆಯ ಹೆಸರು ಹೇಳುವ ಜಾಗ ಬೇರೆ ಇದೆ. ಅಮೆರಿಕದಲ್ಲಿ 1973ರ ರಿಹ್ಯಾಬಿಲಿಟೇಶನ್ ಕಾಯ್ದೆಯ 504ನೇ ಸೆಕ್ಷನ್ ಪ್ರಕಾರ, ಸಾಮಾನ್ಯವಾಗಿ ಕಾಲೇಜಿನವರು ಸೀಟು ಕೊಡುವ ಮೊದಲು ನಿಮ್ಮ ಅಂಗವೈಕಲ್ಯದ ಬಗ್ಗೆ ಕೇಳುವ ಹಾಗಿಲ್ಲ. ಸೇರಿದ ಮೇಲೆ ಅದಕ್ಕೇ ಇರುವ ಆಫೀಸಿಗೆ ಹೋಗಿ ಹೇಳಿದರೆ ಪರೀಕ್ಷೆಗೆ ಹೆಚ್ಚು ಸಮಯದಂಥ ಅನುಕೂಲ ಮಾಡಿಕೊಡುತ್ತಾರೆ. ಇಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುತ್ತದೆ. ಡಾಕ್ಟರ ಹತ್ತಿರ ಪತ್ರ ಬೇಕಾದರೆ "ಚಿಕಿತ್ಸೆಯಲ್ಲಿದ್ದರು, ಈಗ ಓದಲು ಯೋಗ್ಯರಾಗಿದ್ದಾರೆ" ಅನ್ನುವಷ್ಟೇ ಬರೆಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. 40% ಅಥವಾ ಹೆಚ್ಚು ಅಂತ ಸರ್ಟಿಫಿಕೇಟ್ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5% ಸೀಟು ಮೀಸಲು. ಆ ಸೀಟಿಗೆ ಹೋಗುವುದಾದರೆ ಮಾತ್ರ ಲೆಕ್ಕ ಬೇರೆ, ಆಗ ದಾಖಲೆ ಕೊಡಲೇಬೇಕು. ಅದರಲ್ಲಿ ನಾಚಿಕೆ ಏನಿಲ್ಲ.

ನೀವು ಕೇಳದ ಒಂದು ವಿಷಯ. ಎಸ್‌ಒಪಿಯ ಆ ಎರಡು ಮೂರು ಸಾಲಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು, ಎಲ್ಲಿಗೆ ಹೋಗುತ್ತೀರಿ ಅನ್ನುವುದನ್ನು ಯೋಚಿಸಿ. ನಾನು ಪಿಎಚ್‌ಡಿ ಗೈಡ್ ಆರಿಸುವಾಗ ಅವರ ಪೇಪರ್‌ಗಳಿಗಿಂತ ಮೊದಲು ಅವರ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿದೆ. ರಾತ್ರಿಯೆಲ್ಲ ಲ್ಯಾಬಿನಲ್ಲಿರಬೇಕಾ? ರಜೆ ಕೇಳಿದರೆ ಮುಖ ಗಂಟಿಕ್ಕುತ್ತಾರಾ? ಒಬ್ಬ ದೊಡ್ಡ ಹೆಸರಿನವರ ವಿದ್ಯಾರ್ಥಿ "ಮೇಡಂ, ನಾವು ಇಲ್ಲೇ ಮಲಗ್ತೀವಿ" ಅಂತ ಹೆಮ್ಮೆಯಿಂದ ಹೇಳಿದ. ಅಲ್ಲಿಗೆ ಅರ್ಜಿಯೇ ಹಾಕಲಿಲ್ಲ. ಹತ್ತಿರದಲ್ಲಿ ಲಿಥಿಯಂ ಮಟ್ಟ ನೋಡುವ ರಕ್ತ ಪರೀಕ್ಷೆ ಲ್ಯಾಬ್ ಇದೆಯಾ ಅಂತಲೂ ನೋಡಿದೆ. ನೀವು ಯಾವ ಮಾತ್ರೆಯಲ್ಲಿದ್ದೀರೋ, ಅದು ಅಲ್ಲಿ ಸಿಗುತ್ತಾ, ಇನ್ಶೂರೆನ್ಸ್‌ನಲ್ಲಿ ಮನಸ್ಸಿನ ಡಾಕ್ಟರ ಫೀಸು ಬರುತ್ತಾ, ಇದೆಲ್ಲ ಈಗಲೇ ನೋಡಿಕೊಳ್ಳಿ. ನಡುವೆ ತೀರಾ ಕಷ್ಟ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಡೆಡ್‌ಲೈನ್ ಡಿಸೆಂಬರ್ ಅಂದಿದ್ದೀರಿ. ಹಾಗಾದರೆ ಈ ವಾರವೇ ನಿಮಗೆ ಪತ್ರ ಬರೆಯುವ ಮೂವರಿಗೂ ಫೋನ್ ಮಾಡಿ. ನೀವು ಬರೆದ ಆ ಎರಡು ಮೂರು ಸಾಲನ್ನು ಓದಿ ಹೇಳಿ, "ಸರ್, ಇದಕ್ಕಿಂತ ಹೆಚ್ಚು ಏನೂ ಬರೆಯಬೇಡಿ" ಅಂತ ಕೇಳಿಕೊಳ್ಳಿ. ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಸರ್ ಅಂತೂ "ಮೊದಲೇ ಹೇಳಬಾರದಿತ್ತೇನವ್ವಾ" ಅಂದರು. ಪತ್ರ ಒಮ್ಮೆ ಅಪ್‌ಲೋಡ್ ಆದರೆ ತಿದ್ದಿಸುವುದು ಬಹಳ ಕಷ್ಟ.