ನೀರು ಕುಡಿದ ಬೋರ್ಡು: ಮೊದಲು ಒಣಗಿಸಿ, ಆಮೇಲೆ ಅಂಟಿಸಿ

ಪ್ರಶ್ನೆ: ನಮಸ್ಕಾರ ಸರ್. ಗೋವಾದಲ್ಲಿ ಒಬ್ಬರ ಹತ್ತಿರ ಹಳೆಯ ವಿಂಡ್‌ಸರ್ಫಿಂಗ್ ಬೋರ್ಡು (ಪಟ ಕಟ್ಟಿ ಗಾಳಿಯಿಂದ ನೀರಿನ ಮೇಲೆ ಓಡಿಸುವ ಹಲಗೆ) ಕಡಿಮೆ ದುಡ್ಡಿಗೆ ಸಿಕ್ಕಿತು. ಪಟ, ಕಂಬ ಎಲ್ಲ ಜೊತೆಗಿದೆ. ಬೋರ್ಡಿನ ಮೇಲೆ ಗಾತ್ರ 130 ಲೀಟರ್ ಎಂದಿದೆ, ಥೈಲ್ಯಾಂಡಿನಲ್ಲಿ ತಯಾರಾದದ್ದು. ಮೂತಿಯ ಹತ್ತಿರ ಅಂಗೈ ಅಗಲ ಒಡೆದು ಒಳಗಿನ ಥರ್ಮಾಕೋಲ್ ಕಾಣುತ್ತಿದೆ. ಹಿಂಗಾಲು ಇಡುವ ಕಡೆ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಕೆಳಗೆ ಫಿನ್ (ದಿಕ್ಕು ಹಿಡಿಯುವ ರೆಕ್ಕೆ) ಪಕ್ಕದಲ್ಲಿ ಕೂದಲೆಳೆಯಂಥ ಬಿರುಕಿದೆ. ತೂಕ ಮಾಡಿಸಿದರೆ 14 ಕೆಜಿ ಬಂತು. ಇಲ್ಲಿ ಫೈಬರ್ ಕೆಲಸ ಮಾಡುವವರೊಬ್ಬರು ಒಂದೇ ದಿನದಲ್ಲಿ ಮಾಡಿಕೊಡ್ತೀನಿ ಅಂದಿದ್ದಾರೆ. ಅವರಿಗೆ ಕೊಡಲೇ, ಮನೆಯಲ್ಲೇ ಮಾಡಲೇ? ಆಲಮಟ್ಟಿ ಹಿನ್ನೀರಿನಲ್ಲಿ ಓಡಿಸುವ ಆಸೆ ಇದೆ.
ಓದುಗರು, ನವನಗರ, ಬಾಗಲಕೋಟೆ

ಉತ್ತರ: ಮನೆಯಲ್ಲೇ ಮಾಡಿ. ಒಂದೇ ದಿನದಲ್ಲಿ ಆಗುವ ಕೆಲಸ ಇದಲ್ಲ, ಯಾರ ಕೈಯಲ್ಲೂ ಆಗುವುದಿಲ್ಲ. ಯಾಕೆಂದರೆ ನಿಮ್ಮ ಬೋರ್ಡಿನ ದೊಡ್ಡ ರೋಗ ಮೂತಿಯ ಗಾಯ ಅಲ್ಲ, ಒಳಗಿರುವ ನೀರು. 130 ಲೀಟರಿನ ಈಗಿನ ಬೋರ್ಡುಗಳು ಸಾಮಾನ್ಯವಾಗಿ 8ರಿಂದ 10 ಕೆಜಿ ಇರುತ್ತವೆ. ನಿಮ್ಮದು 14 ಎಂದರೆ ನಾಲ್ಕೈದು ಲೀಟರ್ ನೀರು ಹೊಟ್ಟೆಯಲ್ಲೇ ಇದೆ ಅಂತಲೇ ತಿಳಿಯಿರಿ. ಅದರ ಮೇಲೆ ಎಷ್ಟು ಚೆಂದ ತೇಪೆ ಹಾಕಿದರೂ ಹಸಿ ಜಾಗಕ್ಕೆ ರೆಸಿನ್ (ಫೈಬರ್ ಹಿಡಿಸುವ ಅಂಟು) ಕಚ್ಚುವುದಿಲ್ಲ, ಬಿಸಿಲಿಗೆ ಒಳಗಿನ ಆವಿ ತೇಪೆಯನ್ನು ಎಬ್ಬಿಸುತ್ತದೆ.

ಇನ್ನು ಆ ಫೈಬರ್ ಕೆಲಸದವರ ಬಗ್ಗೆ. ಅವರು ಯಾವ ರೆಸಿನ್ ಬಳಸುತ್ತಾರೆ ಎಂದು ಮೊದಲು ಕೇಳಿ. ನೀರಿನ ಟಾಕಿ, ಬಾಗಿಲು, ಮೂರ್ತಿ ಮಾಡುವ ಕಡೆ ಹೆಚ್ಚಾಗಿ ಇರುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿ ಸ್ಟೈರೀನ್ ಎಂಬ ದ್ರಾವಕ ಇರುತ್ತದೆ, ಸ್ಟೈರೀನ್ ತಾಗಿದರೆ ಥರ್ಮಾಕೋಲ್ ಕರಗುತ್ತದೆ. ಹಚ್ಚಿದಾಗ ಮೇಲೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ, ಒಳಗೆ ಗುಳಿ ಬೀಳುತ್ತಾ ಹೋಗುತ್ತದೆ. ನಿಮಗೆ ಬೇಕಾಗಿರುವುದು ಎಪಾಕ್ಸಿ ರೆಸಿನ್, ಬೇರೆ ಯಾವುದೂ ಅಲ್ಲ. ನಂಬಿಕೆ ಬರದಿದ್ದರೆ ಟಿವಿ ಡಬ್ಬಿಯಲ್ಲಿ ಬಂದ ಥರ್ಮಾಕೋಲ್ ಚೂರಿನ ಮೇಲೆ ಎರಡನ್ನೂ ಒಂದೊಂದು ಹನಿ ಹಾಕಿ ನೋಡಿ.

ಈಗ ಒಣಗಿಸುವುದು. ಒಡೆದ ಜಾಗದಲ್ಲಿ ಸಡಿಲವಾಗಿರುವ ಫೈಬರ್ ಚೂರುಗಳನ್ನು ಕತ್ತರಿಸಿ ತೆಗೆಯಿರಿ. ಸಮುದ್ರದ ಉಪ್ಪು ಇರುತ್ತದೆ ಅಲ್ವಾ, ಗಾಯದ ಸುತ್ತ ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಬೋರ್ಡಿನ ಮೇಲೆ ಒಳಗಿನ ಗಾಳಿ ಬಿಡಲು ಒಂದು ಸಣ್ಣ ವೆಂಟ್ ಸ್ಕ್ರೂ ಇರುತ್ತದೆ, ಅದನ್ನು ಬಿಚ್ಚಿಡಿ. ಗಾಯ ಎಲ್ಲಕ್ಕಿಂತ ಕೆಳಗೆ ಬರುವ ಹಾಗೆ ಬೋರ್ಡನ್ನು ನೆರಳಲ್ಲಿ, ಗಾಳಿ ಆಡುವ ಕಡೆ ನಿಲ್ಲಿಸಿ. ಮೀನಿನ ತೊಟ್ಟಿಗೆ ಇಡುವ ಸಣ್ಣ ಗಾಳಿ ಪಂಪು ಸಿಗುತ್ತದಲ್ಲ, ಅದರ ನಳಿಗೆಯನ್ನು ವೆಂಟ್ ತೂತಿಗೆ ಕೊಟ್ಟು ಹಗಲು ರಾತ್ರಿ ಓಡಲು ಬಿಡಿ. ಗಾಳಿ ಅಲ್ಲಿಂದ ಹೋಗಿ ಗಾಯದ ಮೂಲಕ ಹೊರಗೆ ಬರುತ್ತಾ ತೇವವನ್ನು ಎಳೆದುಕೊಂಡು ಬರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಆ ಒತ್ತಡಕ್ಕೆ ಫೈಬರ್ ಪದರವೇ ಕಿತ್ತುಬರುತ್ತದೆ. ಮಾಳಿಗೆಯ ಮೇಲೆ ಬಿಸಿಲಿಗೂ ಹಾಕಬೇಡಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಣ್ಣದ ಬೋರ್ಡು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ, ಆಗ ಒಳಗಿನ ಗಾಳಿ ಹಿಗ್ಗಿ, ಥರ್ಮಾಕೋಲ್ ಮೆತ್ತಗಾಗಿ, ಒಂದು ಕಡೆ ಇದ್ದ ರೋಗ ನಾಲ್ಕು ಕಡೆ ಆಗುತ್ತದೆ. ಬಿಸಿಲು ಬೇಡ, ನಮ್ಮ ಒಣ ಗಾಳಿ ಸಾಕು. ಕರಾವಳಿಯವರಿಗೆ ಈ ಅನುಕೂಲ ಇಲ್ಲ.

ಎಷ್ಟು ದಿನ? ಕ್ಯಾಲೆಂಡರ್ ನೋಡಬೇಡಿ, ತೂಕ ನೋಡಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ಪೂರ್ತಿ ನಿಂತ ಮೇಲೆಯೇ ಮುಂದಿನ ಕೆಲಸ. ಇದಕ್ಕೆ ಹಲವು ವಾರ ಹಿಡಿಯಬಹುದು, ಬೇಸರ ಮಾಡಿಕೊಳ್ಳಬೇಡಿ. ಆ ಹೊತ್ತಿನಲ್ಲಿ ಬೇರೆ ಗಾಯ ಹುಡುಕಿ. ಒಡೆದ ಜಾಗಕ್ಕೆ ಗಟ್ಟಿಯಾಗಿ ಟೇಪ್ ಸುತ್ತಿ, ವೆಂಟಿನಿಂದ ಅದೇ ಸಣ್ಣ ಪಂಪಿನ ಗಾಳಿ ಬಿಟ್ಟು, ಮೈಗೆಲ್ಲ ಸೋಪಿನ ನೀರು ಸವರಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ಸೋರಿಕೆ ಇದೆ. ಹಾಗೇ ಒಂದು ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಟಣ್ ಅಂದರೆ ಗಟ್ಟಿ, ದಬ್ ದಬ್ ಅಂದರೆ ಪದರ ಬಿಟ್ಟಿದೆ. ಆ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ.

ಅಂಟಿಸುವಾಗ ಸಾಮಾನು ಸರಿ ಇರಬೇಕು. ಬಾಗಲಕೋಟೆಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಲ್ಲಿ ಅಥವಾ ಬೆಳಗಾವಿಯ ಉದ್ಯಮಬಾಗ ಕಡೆ ವಿಚಾರಿಸಿ. ಫೈಬರ್ ಕೇಳಿದರೆ ಅಂಗಡಿಯವರು ಚೂರು ಎಳೆಗಳನ್ನು ಒತ್ತಿ ಮಾಡಿದ ಮ್ಯಾಟ್ ಕೊಡುತ್ತಾರೆ, ಅದು ಬೇಡ. ಅದರ ಅಂಟು ಪಾಲಿಯೆಸ್ಟರಿನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಬಿರುಸಾಗಿಯೇ ಉಳಿಯುತ್ತದೆ. ನೇಯ್ದ ತೆಳು ಗ್ಲಾಸ್ ಬಟ್ಟೆಯನ್ನೇ ಕೇಳಿ. ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲೆ ಬರೆದಂತೆಯೇ ಇರಲಿ. ಡಿಜಿಟಲ್ ಕಾಟಾದಲ್ಲಿ ತೂಗಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅದು ಕೊನೆಯವರೆಗೂ ಅಂಟಂಟಾಗಿಯೇ ಉಳಿಯುತ್ತದೆ. ಒಂದು ಸಲಕ್ಕೆ 50 ಗ್ರಾಂ ಸಾಕು, ಅಗಲ ತಟ್ಟೆಯಲ್ಲಿ ಕಲಸಿ. ಲೋಟದಲ್ಲಿ ಜಾಸ್ತಿ ಕಲಸಿಟ್ಟರೆ ತಾನೇ ಕಾದು ಹೊಗೆ ಏಳುತ್ತದೆ. ಕೈಗೆ ಗ್ಲೌಸ್ ಇರಲಿ, ತಿಕ್ಕುವಾಗ ಮಾಸ್ಕ್ ಇರಲೇಬೇಕು, ಗಾಜಿನ ಧೂಳು ಅದು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಒಂದು ಮಾತು ಮರೆಯಬೇಡಿ: ಈ ಕೆಲಸ ಬೆಳಿಗ್ಗೆ ಮಾಡಬೇಡಿ, ಸಂಜೆ ಮಾಡಿ. ಬಿಸಿಲು ಏರುವಾಗ ಥರ್ಮಾಕೋಲಿನೊಳಗಿನ ಗಾಳಿ ಹಿಗ್ಗಿ ಹಸಿ ರೆಸಿನ್ನಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ ತಂಪಾಗುತ್ತಾ ಹೋದಂತೆ ಅದೇ ಗಾಳಿ ಕುಗ್ಗಿ ರೆಸಿನ್ ಒಳಕ್ಕೆ ಕೂರುತ್ತದೆ.

ಗಾಯದ ಸುತ್ತ ಎರಡು ಇಂಚು ಬಣ್ಣ ತಿಕ್ಕಿ ತೆಗೆದು, ಫೈಬರ್ ಕಾಣುವವರೆಗೆ 80 ನಂಬರಿನ ಪಾಲಿಶ್ ಪೇಪರ್ ಹೊಡೆಯಿರಿ. ಗುಳಿ ಆಳ ಇದ್ದರೆ ಥರ್ಮಾಕೋಲ್ ತುಂಡು ಕತ್ತರಿಸಿ ಕೂರಿಸಿ. ಸಂದುಗಳಿಗೆ ಎಪಾಕ್ಸಿಯಲ್ಲಿ ಮೈಕ್ರೋಬಲೂನ್ ಎಂಬ ಹಗುರ ಬಿಳಿ ಪುಡಿ ಕಲಸಿ ತುಂಬಿ. ಅದು ಗಟ್ಟಿಯಾದ ಮೇಲೆ ಮಟ್ಟ ಮಾಡಿ, ಮೂರು ಪದರ ಬಟ್ಟೆ ಹಾಕಿ, ಒಂದಕ್ಕಿಂತ ಒಂದು ಸ್ವಲ್ಪ ದೊಡ್ಡದು. ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಕೈಯಿಂದ ಸವರಿ ಹೆಚ್ಚಿನ ರೆಸಿನ್ ಹೊರಗೆ ತಳ್ಳಿ. ಮೂತಿಯೇ ಯಾಕೆ ಒಡೆಯುತ್ತದೆ ಗೊತ್ತಾ? ಗಾಳಿಯ ರಭಸಕ್ಕೆ ಮುಂದಕ್ಕೆ ಬಿದ್ದಾಗ ಕಂಬ ಬಂದು ಅಲ್ಲೇ ಬಡಿಯುತ್ತದೆ. ಕಲಿಯುವಾಗ ನಿಮಗೂ ಹಾಗೆ ಆಗುತ್ತದೆ, ಅದಕ್ಕೇ ಅಲ್ಲಿ ಇನ್ನೂ ಒಂದು ಪದರ ಹಾಕಿದರೂ ನಷ್ಟವಿಲ್ಲ.

ಮೆತ್ತಗಿರುವ ಜಾಗ ಅಂಗೈಯಷ್ಟೇ ಇದ್ದರೆ ಸಣ್ಣ ತೂತು ಕೊರೆದು ಸಿರಿಂಜಿನಿಂದ ಎಪಾಕ್ಸಿ ಬಿಡಿ. ಪಕ್ಕದ ತೂತಿನಿಂದ ಅದು ಹೊರಗೆ ಇಣುಕಿದಾಗ ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆ, ಹಲಗೆ, ಮರಳಿನ ಚೀಲ ಇಟ್ಟು ರಾತ್ರಿಯಿಡೀ ಬಿಡಿ. ಅದಕ್ಕಿಂತ ದೊಡ್ಡದಾದರೆ ಆ ಪದರ ಕತ್ತರಿಸಿ ಹೊಸದು ಹಾಕಬೇಕು.

ಫಿನ್ ಪಕ್ಕದ ಬಿರುಕನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫಿನ್ ಹಿಡಿದು ಆ ಕಡೆ ಈ ಕಡೆ ಜಗ್ಗಿ. ಫಿನ್ ಕೂರುವ ಪೆಟ್ಟಿಗೆಯೇ ಅಲ್ಲಾಡಿದರೆ ಮನೆಯಲ್ಲಿ ಮುಟ್ಟಬೇಡಿ, ಗೋವಾ ಅಥವಾ ಮೂಲ್ಕಿ ಕಡೆ ಸರ್ಫ್ ಬೋರ್ಡು ರಿಪೇರಿ ಬಲ್ಲವರಿಗೆ ತೋರಿಸಿ. ಅಲ್ಲಾಡದಿದ್ದರೆ ಬಿರುಕನ್ನು ಅಗಲ ಮಾಡಿ, ಎಪಾಕ್ಸಿ ತುಂಬಿ, ಎರಡು ಪದರ ಬಟ್ಟೆ ಹಾಕಿದರೆ ಸಾಕು.

ಕೊನೆಗೆ ಬಣ್ಣ ಬೇಕೇ ಬೇಕು, ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿ ಏಳುತ್ತದೆ. ಕಾರಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣ ನಡೆಯುತ್ತದೆ. ಕಾಲಿಡುವ ಕಡೆ ಜಾರದಿರಲಿ ಎಂದರೆ ಕೊನೆಯ ಎಪಾಕ್ಸಿ ಹಸಿ ಇರುವಾಗಲೇ ಸಕ್ಕರೆ ಉದುರಿಸಿ, ಗಟ್ಟಿಯಾದ ಮೇಲೆ ನೀರಲ್ಲಿ ತೊಳೆಯಿರಿ. ಸಕ್ಕರೆ ಕರಗಿ ಒರಟು ಮೈ ಉಳಿಯುತ್ತದೆ, ಅದರ ಮೇಲೆ ತೆಳುವಾಗಿ ಬಣ್ಣ ಹೊಡೆಯಿರಿ. ಮುಧೋಳ, ಜಮಖಂಡಿಯ ಜಿಲ್ಲೆಯವರಿಗೆ ಸಕ್ಕರೆ ಎಲ್ಲಿ ಸಿಗುತ್ತದೆ ಎಂದು ಹೇಳಬೇಕಿಲ್ಲ.

ಹಿನ್ನೀರಿಗೆ ಇಳಿಯುವ ಮೊದಲು ಅನುಮತಿಯ ಬಗ್ಗೆ ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಯಲ್ಲಿ ಕೇಳಿ. ಅಲ್ಲಿನ ಮೀನುಗಾರರನ್ನೂ ತಪ್ಪದೆ ಕೇಳಿ. ಹಳೆಯ ಊರಿನ ಗೋಡೆ, ಮರದ ಬೊಡ್ಡೆ, ಬಲೆ ಎಲ್ಲೆಲ್ಲಿವೆ ಎಂದು ಅವರಿಗೆ ಗೊತ್ತು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅದೂ ಅವರಿಗೇ ಗೊತ್ತು. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ನೀರು ಅದಕ್ಕಿಂತ ಇಳಿದಷ್ಟೂ ಮುಳುಗಿದ ಗೋಡೆ ನಿಮ್ಮ ಫಿನ್ನಿಗೆ ಹತ್ತಿರ ಬರುತ್ತದೆ. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ, ಬಿದ್ದರೆ ಬೋರ್ಡು ಬಿಟ್ಟು ಈಜಬೇಡಿ.

ಪ್ರಶ್ನೆ: ನನ್ನ ಹತ್ತಿರವೂ ಒಂದು ಹಳೆಯ ಬೋರ್ಡಿದೆ. ಬಿರುಕಿಗೆ ಎಪಾಕ್ಸಿ ಪುಟ್ಟಿ ಹಚ್ಚಿದರೆ ಒಂದೇ ವಾರದಲ್ಲಿ ಸಿಪ್ಪೆ ಬಂದ ಹಾಗೆ ಬರುತ್ತದೆ. ಯಾಕೆ?
ಓದುಗರು, ವಿಜಯಪುರ

ಉತ್ತರ: ಉಗುರಿನಿಂದ ಗೀರಿ ನೋಡಿ. ಮೇಣದ ಹಾಗೆ ಜಾರಿದರೆ ಅದು ಪಾಲಿಥಿನ್ ಬೋರ್ಡು. ಅಮೆರಿಕದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ವಿಂಡ್‌ಸರ್ಫಿಂಗ್ ಬೋರ್ಡಿನ ಪೇಟೆಂಟಿಗೆ ಅರ್ಜಿ ಹಾಕಿದ ಮೇಲೆ 1970ರ ದಶಕದಲ್ಲಿ ಹೆಚ್ಚಾಗಿ ಮಾರಾಟವಾದದ್ದು ಇಂಥ ಬೋರ್ಡುಗಳೇ. ಬಲು ಗಟ್ಟಿ, ಆದರೆ ಎಪಾಕ್ಸಿ ಇದಕ್ಕೆ ಹಿಡಿಯುವುದಿಲ್ಲ. ಇದನ್ನು ಬೆಸೆಯಬೇಕು. ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರ ಹತ್ತಿರ ಒಯ್ಯಿರಿ, ಪಾಲಿಥಿನ್ ಕಡ್ಡಿಯಿಂದಲೇ ಬೆಸೆಯಲು ಹೇಳಿ. ಅದಕ್ಕೂ ಮೊದಲು ಹಳೆಯ ಪುಟ್ಟಿಯನ್ನು ಪೂರ್ತಿ ಕೆರೆದು ತೆಗೆಯಿರಿ, ಒಳಗೆ ನೀರಿದ್ದರೆ ಒಣಗಿಸಿ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆಸಿ, ಇಲ್ಲದಿದ್ದರೆ ಬೆಸೆದ ಮೇಲೂ ಬಿರುಕು ಮುಂದಕ್ಕೆ ಓಡುತ್ತದೆ.