ಕಂಪನಿಗಳು ಹೆದರುವುದು ಯಾವುದಕ್ಕೆ?

ಪ್ರಶ್ನೆ: ದೊಡ್ಡ ಕಂಪನಿಗಳು ಸಿಕ್ಕಿಬಿದ್ದರೆ ದಂಡ ಕಟ್ಟುತ್ತವೆ, ಮರುದಿನ ಮತ್ತೆ ಅದೇ ಕೆಲಸ. ಕೋರ್ಟು, ಪತ್ರಿಕೆ, ಹೋರಾಟ, ಯಾವುದಕ್ಕಾದರೂ ಹೆದರುತ್ತವೆಯೇ?

ಉತ್ತರ: ದಂಡಕ್ಕಂತೂ ಹೆದರುವುದಿಲ್ಲ. ಅದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಬಹಳ ವರ್ಷ ಕೋರ್ಟು ವರದಿ ಮಾಡಿದವನು ನಾನು. ನನ್ನ ಪ್ರಕಾರ ಅವರಿಗೆ ಜಾಸ್ತಿ ಭಯ ಇರುವುದು ತಮ್ಮದೇ ಕಡತಗಳ ಬಗ್ಗೆ.

ಅಮೆರಿಕದ ರಾಸಾಯನಿಕ ಕಂಪನಿ ಡ್ಯೂಪಾಂಟ್ ಕೇಸು ನೋಡಿ. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ಒಬ್ಬ ರೈತನ ದನಗಳು ಒಂದೊಂದಾಗಿ ಸತ್ತವು. ಪಕ್ಕದಲ್ಲೇ ಕಂಪನಿ ತ್ಯಾಜ್ಯ ಸುರಿಯುತ್ತಿದ್ದ ಜಾಗ. ರೈತ ಸುಮ್ನೆ ಕೂರಲಿಲ್ಲ, ಎಲ್ಲವನ್ನೂ ವಿಡಿಯೋ ಮಾಡಿಟ್ಟ. ಕೇಸು ಹಿಡಿದ ವಕೀಲ ರಾಬ್ ಬಿಲಟ್ ಅಲ್ಲಿಯವರೆಗೆ ಕೆಮಿಕಲ್ ಕಂಪನಿಗಳ ಪರ ಕೆಲಸ ಮಾಡುತ್ತಿದ್ದವರು! ಕೋರ್ಟಿನ ಆದೇಶ ತಂದು ಕಂಪನಿಯ ಒಳಗಿನ ದಾಖಲೆ ಕೇಳಿದರು. ಬಂದದ್ದು ಲಕ್ಷಕ್ಕೂ ಹೆಚ್ಚು ಪುಟ. ಅಷ್ಟು ಕಾಗದ ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ, ಅಲ್ವಾ? ಇವರು ನೆಲದ ಮೇಲೆ ಕೂತು ತಾರೀಖಿನ ಪ್ರಕಾರ ಜೋಡಿಸುತ್ತಾ ಹೋದರು. ಪಾತ್ರೆಗೆ ಆಹಾರ ಅಂಟದಂತೆ ಬಳಿಯುವ ಟೆಫ್ಲಾನ್ ತಯಾರಿಕೆಗೆ ಬಳಸುತ್ತಿದ್ದ ರಾಸಾಯನಿಕ ಪಿಎಫ್‌ಒಎ ಕುಡಿಯುವ ನೀರಿಗೆ ಸೇರಿದ್ದು 1984ರಲ್ಲೇ ಕಂಪನಿಗೆ ಗೊತ್ತಿತ್ತು.

ನನಗೆ ಇಷ್ಟವಾದದ್ದು ಮುಂದಿನ ಹೆಜ್ಜೆ. ಆ ನೀರು ಕುಡಿದ ಊರಿನವರ ಪರ ಹೂಡಿದ ಕೇಸಿನಲ್ಲಿ, 2004ರ ರಾಜಿಯಿಂದ ಬಂದ ಹಣದಲ್ಲಿ ಸುಮಾರು 69,000 ಜನರ ರಕ್ತ ಪರೀಕ್ಷೆ ಮಾಡಿಸಿದರು. ಬಂದವರಿಗೆ ತಲಾ 400 ಡಾಲರ್. ಅಂದರೆ ಸಾಕ್ಷಿ ಹುಡುಕಲು ಕಂಪನಿಯದೇ ದುಡ್ಡು! ಮೂತ್ರಪಿಂಡದ ಕ್ಯಾನ್ಸರ್ ಸೇರಿ ಆರು ಕಾಯಿಲೆಗಳಿಗೂ ಈ ರಾಸಾಯನಿಕಕ್ಕೂ ನಂಟಿರುವ ಸಾಧ್ಯತೆ ಇದೆ ಎಂದು 2012ರ ಹೊತ್ತಿಗೆ ವಿಜ್ಞಾನಿಗಳು ಹೇಳಿದರು. 2017ರಲ್ಲಿ 3,500ಕ್ಕೂ ಹೆಚ್ಚು ಕೇಸುಗಳು 67 ಕೋಟಿ ಡಾಲರಿಗೆ ಮುಗಿದವು. ಕಂಪನಿ ತಪ್ಪು ಮಾತ್ರ ಒಪ್ಪಲಿಲ್ಲ. ಅಷ್ಟರಲ್ಲಿ ಆ ರೈತ ತೀರಿಕೊಂಡು ವರ್ಷಗಳೇ ಆಗಿದ್ದವು.

ಪ್ರಶ್ನೆ: ಕೋರ್ಟೇ ಪತ್ರಿಕೆಯ ಬಾಯಿ ಕಟ್ಟಿದರೆ?

ಉತ್ತರ: ಕಟ್ಟಿದ್ದುಂಟು. ಥಾಲಿಡೊಮೈಡ್ ಮಾತ್ರೆ ನುಂಗಿದ ಗರ್ಭಿಣಿಯರಿಗೆ ಕೈಕಾಲು ಸರಿಯಾಗಿ ಬೆಳೆಯದ ಮಕ್ಕಳು ಹುಟ್ಟಿದರು. ಅದನ್ನು ಬ್ರಿಟನ್ನಿನಲ್ಲಿ ಮಾರಿದ್ದು ಡಿಸ್ಟಿಲರ್ಸ್ ಕಂಪನಿ. 1972ರಲ್ಲಿ ಸಂಡೇ ಟೈಮ್ಸ್ ತನಿಖಾ ವರದಿಗೆ ತಡೆಯಾಜ್ಞೆ ಬಂತು. ಸಂಪಾದಕ ಹೆರಾಲ್ಡ್ ಇವಾನ್ಸ್ ಅದಕ್ಕೂ ಮೊದಲೇ ಇನ್ನೊಂದು ದಾರಿ ಹಿಡಿದಿದ್ದರು. ತಪ್ಪು ಯಾರದು ಎಂಬುದನ್ನು ಬಿಟ್ಟು, ಮಕ್ಕಳಿಗೆ ಇಷ್ಟೇ ಪರಿಹಾರ ಕೊಡುವುದು ನ್ಯಾಯವೇ ಎಂದು ಬರೆಸುತ್ತಾ ಹೋದರು. ಷೇರುದಾರರೇ ತಿರುಗಿಬಿದ್ದರು. 32.5 ಲಕ್ಷ ಪೌಂಡ್ ಎನ್ನುತ್ತಿದ್ದ ಕಂಪನಿ 1973ರಲ್ಲಿ 2 ಕೋಟಿಗೆ ಬಂತು. ಆ ತಡೆಯಾಜ್ಞೆ ಸರಿಯಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 1979ರಲ್ಲಿ!

ಪ್ರಶ್ನೆ: ಕಂಪನಿ ರಾಜಿಗೆ ಬಂದರೆ ಒಪ್ಪಬೇಕೇ?

ಉತ್ತರ: ಕಾಯಿಲೆ ಬಿದ್ದವರಿಗೆ ಹಣ ಬೇಡ ಎನ್ನಲು ನಾನ್ಯಾರು? ಆದರೆ ಬಾಯಿ ಬಿಡಬಾರದು ಎಂಬ ಷರತ್ತಿದ್ದರೆ ಜಗ್ಗಾಡಿ. 1998ರ ತಂಬಾಕು ಒಪ್ಪಂದದಲ್ಲಿ ಅಮೆರಿಕದ 46 ರಾಜ್ಯಗಳು ಹಣದ ಜೊತೆಗೆ, ಕಂಪನಿಗಳ ಒಳಗಿನ ದಾಖಲೆಗಳನ್ನು ಜನರಿಗೆ ತೆರೆದಿಡಬೇಕು ಎಂದೂ ಬರೆಸಿಕೊಂಡವು. ಅವನ್ನು ಈಗ ಯಾರು ಬೇಕಾದರೂ ಓದಬಹುದು.