ಹತ್ತು ತಿಂಗಳ ಮಗು ಚಮಚ ಬೀಳಿಸ್ತಾನೇ ಇರೋದು ಯಾಕೆ?

ಪ್ರಶ್ನೆ: ಮಗಳಿಗೆ ಹತ್ತು ತಿಂಗಳು. ಕುರ್ಚಿಯಲ್ಲಿ ಕೂರಿಸಿದರೆ ಚಮಚ ಬೀಳಿಸಿ ಬಗ್ಗಿ ನೋಡುತ್ತಾಳೆ. ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತಾಳೆ. ಇನ್ನೊಂದು ವಿಚಿತ್ರ ಇದೆ. ಗಿಲಕಿಯನ್ನು ಒಂದು ಬಟ್ಟೆಯಡಿ ಬಚ್ಚಿಟ್ಟರೆ ಸರಿಯಾಗಿ ತೆಗೆಯುತ್ತಾಳೆ. ಆಮೇಲೆ ಅವಳ ಕಣ್ಣೆದುರೇ ಪಕ್ಕದ ಬಟ್ಟೆಯಡಿ ಇಟ್ಟರೂ ಮೊದಲಿನದನ್ನೇ ಎತ್ತುತ್ತಾಳೆ. ಇದು ಹಟವಾ, ಅರ್ಥವಾಗ್ತಿಲ್ಲವಾ?

ಉತ್ತರ: ಹಟ ಅಲ್ಲ ಬಿಡಿ. ಬಟ್ಟೆಯ ವಿಷಯ ಮೊದಲು ನೋಡೋಣ, ಅದೇ ಮಜವಾದದ್ದು.

ಈ ತಪ್ಪನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ ತಮ್ಮ ಸ್ವಂತ ಮಕ್ಕಳಲ್ಲೇ ಕಂಡು ಬರೆದಿಟ್ಟಿದ್ದರು. ಮರೆಯಾದ ವಸ್ತು ಎಲ್ಲೋ ಇದ್ದೇ ಇದೆ ಅನ್ನೋ ತಿಳಿವಳಿಕೆ ಈ ವಯಸ್ಸಲ್ಲಿ ಅರೆಬರೆ ಎಂದುಕೊಂಡರು. ನನ್ನ ಪ್ರಕಾರ ಅವರು ಮಕ್ಕಳ ಕೈಯನ್ನು ನಂಬಿದ್ದು ಜಾಸ್ತಿಯಾಯಿತು.

1985ರಲ್ಲಿ ಮನೋವಿಜ್ಞಾನಿ ರೆನೆ ಬೈಯಾರ್ಜಾನ್ ಮತ್ತು ಜೊತೆಗಾರರು ಐದು ತಿಂಗಳ ಕೂಸುಗಳ ಕಣ್ಣನ್ನು ಗಮನಿಸಿದರು. ಮುಂದೆ ಮಲಗಿದ ಒಂದು ಹಲಗೆ, ಅದರ ಹಿಂದೆ ಒಂದು ಪೆಟ್ಟಿಗೆ. ಹಲಗೆ ಎದ್ದು ನಿಂತರೆ ಪೆಟ್ಟಿಗೆ ಮರೆ. ಅದು ಹಿಂದಕ್ಕೆ ಬಾಗಿ ಪೆಟ್ಟಿಗೆ ಇರೋ ಕಡೆ ನಿಂತರೆ ಸರಿ. ಪೆಟ್ಟಿಗೆ ಇಲ್ಲವೇ ಇಲ್ಲ ಅನ್ನೋ ಹಾಗೆ ಪೂರ್ತಿ ಮಲಗಿಬಿಟ್ಟರೆ? ಅದನ್ನು ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಅಚ್ಚರಿಯಾಗಿದೆ, ಅಂದರೆ ಮರೆಯಾದ ಪೆಟ್ಟಿಗೆ ಅಲ್ಲೇ ಇದೆ ಅಂತ ಅವಕ್ಕೆ ಗೊತ್ತಿತ್ತು ಅನ್ನೋದು ಸಂಶೋಧಕರ ವಾದ. ನೋಡಿದ ಮಾತ್ರಕ್ಕೆ ಅರ್ಥವಾಗಿದೆ ಅನ್ನಬೇಡಿ ಎಂದು ತಕರಾರು ತೆಗೆದವರೂ ಇದ್ದಾರೆ.

ಹಾಗಾದರೆ ನಿಮ್ಮ ಮಗಳ ಕೈ ಯಾಕೆ ತಪ್ಪುತ್ತೆ? ಮೊದಲ ಬಟ್ಟೆಯಡಿ ಸಿಕ್ಕಿ ಸಿಕ್ಕಿ ಕೈಗೆ ಆ ದಾರಿ ರೂಢಿಯಾಗಿದೆ. ರೂಢಿಯನ್ನು ತಡೆದು ಹೊಸ ಜಾಗ ನೆನಪಿಡೋದು ಮೆದುಳಿನ ಮುಂಭಾಗದ ಕೆಲಸ. ಅದು ನಿಧಾನವಾಗಿ ಬಲಿಯುತ್ತೆ. ನೀವೇ ನೋಡಿ: ಬಚ್ಚಿಟ್ಟ ತಕ್ಷಣ ಕೈ ಹಾಕಲು ಬಿಟ್ಟರೆ ತಪ್ಪು ಕಡಿಮೆ. ಕೆಲವು ಸೆಕೆಂಡ್ ಅವಳ ಗಮನ ಬೇರೆ ಕಡೆ ಸೆಳೆದು ಆಮೇಲೆ ಬಿಡಿ, ಹಳೇ ಬಟ್ಟೆಗೇ ಹೋಗುತ್ತಾಳೆ.

ಇನ್ನು ಚಮಚ. ಕೈ ಬಿಟ್ಟರೆ ಬೀಳುತ್ತೆ, ಬಿದ್ದರೆ ಸದ್ದು, ಸದ್ದಾದರೆ ನೀವು ಬಗ್ಗುತ್ತೀರಿ. ಒಂದೇ ಏಟಿಗೆ ಮೂರು ಪಾಠ, ಅಲ್ವಾ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಇಬ್ಬರು 2015ರಲ್ಲಿ ಹನ್ನೊಂದು ತಿಂಗಳ ಮಕ್ಕಳಿಗೆ ಕಣ್ಕಟ್ಟು ತೋರಿಸಿದರು. ಆಟಿಕೆ ಗೋಡೆಯೊಳಗಿಂದ ತೂರಿ ಬಂದಂತೆ ಕಂಡಾಗ ಮಕ್ಕಳು ಅದನ್ನು ಮೇಜಿಗೆ ಕುಟ್ಟಿ ನೋಡಿದವು. ಆಸರೆ ಇಲ್ಲದೆ ಗಾಳಿಯಲ್ಲಿ ನಿಂತಂತೆ ಕಂಡಾಗ ಬೀಳಿಸಿ ನೋಡಿದವು. ಸುಮ್ನೆ ಕೈಗೆ ಬಂದದ್ದು ಮಾಡಲಿಲ್ಲ ನೋಡಿ, ಯಾವ ಅನುಮಾನವೋ ಅದಕ್ಕೆ ತಕ್ಕ ಪರೀಕ್ಷೆ.

ಹಾಗಂತ ದಿನವಿಡೀ ಚಮಚ ಎತ್ತಿಕೊಡಬೇಕಿಲ್ಲ. ಬಟ್ಟೆ, ಮರದ ತುಂಡು, ದೊಡ್ಡ ಚೆಂಡು ಹೀಗೆ ಬೇರೆ ಬೇರೆ ಥರ ಬೀಳೋ ವಸ್ತು ಕೊಡಿ. ಬಾಯೊಳಗೆ ಹೋಗುವಷ್ಟು ಚಿಕ್ಕದು ಮಾತ್ರ ಬೇಡ. ಬೆನ್ನು ನೋಯತೊಡಗಿದರೆ ಅವಳನ್ನು ನೆಲದ ಮೇಲೆ ಕೂರಿಸಿಬಿಡಿ, ಬಿದ್ದದ್ದನ್ನು ಅವಳೇ ಎತ್ತಿಕೊಳ್ಳಲಿ.